ಅಟ್ಟದ ಮೇಲಿನ ಹಳೇ ಇಂಗ್ಲಿಷ್ ಕ್ಯಾಸೆಟ್ ಇಳಿಸಿ, ಹಾಡಿನ ಜಾಡು ಹಿಡಿಯೋದು ಹೀಗೆ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹೋದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ಅಡಿಕೆ ಚೀಲಗಳ ಹಿಂದೆ ಚಿಕ್ಕಪ್ಪನ ಕ್ಯಾಸೆಟ್ ಡಬ್ಬ ಸಿಕ್ಕಿತು. ಯಕ್ಷಗಾನ, ಭಾವಗೀತೆ, ಮಧ್ಯೆ ನಾಲ್ಕೈದು ಇಂಗ್ಲಿಷ್. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಹಾಗಂತ ತಕ್ಷಣ ಟೇಪ್ ರೆಕಾರ್ಡರಿಗೂ ಹಾಕಬೇಡಿ. ನಮ್ಮ ಮಳೆಗಾಲ ಗೊತ್ತಲ್ವಾ, ಪುಸ್ತಕ, ಚಪ್ಪಲಿ, ಬೆಲ್ಟು ಯಾವುದನ್ನೂ ಬಿಡುವುದಿಲ್ಲ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ರೀಲಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಹಾಕಿದರೆ ಪುಡಿ ಟೇಪ್ ರೆಕಾರ್ಡರಿನ ಹೆಡ್ಡಿಗೆ, ಅಂದರೆ ರೀಲು ತಾಗಿಕೊಂಡು ಓಡುವ ಭಾಗಕ್ಕೆ, ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥದ್ದನ್ನು ಬೇರೆ ಇಡಿ. ಚೆನ್ನಾಗಿರುವುದಕ್ಕೆ ಪೆನ್ಸಿಲ್ ತೂರಿಸಿ ಸಡಿಲ ರೀಲು ಬಿಗಿ ಮಾಡಿ, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿ, ಅದು ಒಣಗಿದ ಮೇಲೆ ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಒತ್ತಿ.

ಕೇಳುವ ಮೊದಲು ಒಳಗಿನ ಕಾರ್ಡ್ ಓದಿ. ಎಷ್ಟೋ ಕಾರ್ಡುಗಳಲ್ಲಿ ಹಾಡಿನ ಪಕ್ಕ ಕಂಸದೊಳಗೆ ಚಿಕ್ಕದಾಗಿ ಒಂದು ಹೆಸರು ಇರುತ್ತದೆ. ಅದು ಹಾಡಿದವರದ್ದಲ್ಲ, ಬರೆದವರದ್ದು. ಹಾಡು ಮೊದಲು ಎಲ್ಲಿಂದ ಬಂತು ಅಂತ ಹುಡುಕೋಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸುಳಿವು ಇಲ್ಲ. ಕಾರ್ಡ್ ಕಳೆದಿದ್ದರೆ ಮ್ಯೂಸಿಕ್ ಆ್ಯಪ್‌ನಲ್ಲಿ ಕ್ರೆಡಿಟ್ಸ್ (ಬರೆದವರು, ಹಾಡಿದವರ ಪಟ್ಟಿ) ನೋಡಿ.

ನನಗೆ ಮೊದಲು ಸಿಕ್ಕಿದ್ದು ಲಂಡನ್ನಿನ ಪಂಕ್ (ಒರಟು, ವೇಗದ ರಾಕ್ ಸಂಗೀತ) ತಂಡ ದಿ ಕ್ಲ್ಯಾಶ್ 1979ರಲ್ಲಿ ಹೊರತಂದ 'ಐ ಫಾಟ್ ದ ಲಾ'. ಬರೆದವರು ಸನ್ನಿ ಕರ್ಟಿಸ್. ಯಾರಪ್ಪ ಇವರು ಅಂತ ಹುಡುಕಿದರೆ ಟೆಕ್ಸಾಸ್‌ನವರು, ಕಂಟ್ರಿ ಹಾಡುಗಳನ್ನೂ (ಅಮೆರಿಕದ ಹಳ್ಳಿಗಾಡಿನ ಶೈಲಿ) ಬರೆದವರು! ಅವರಿದ್ದ ದಿ ಕ್ರಿಕೆಟ್ಸ್ ತಂಡದ 1960ರ ಆಲ್ಬಮ್‌ನಲ್ಲೇ ಈ ಹಾಡಿದೆ, 1966ರಲ್ಲಿ ಬಾಬಿ ಫುಲ್ಲರ್ ಫೋರ್ ತಂಡದಿಂದ ಹಿಟ್ ಆಯಿತು. ಮೂರನ್ನೂ ಒಂದರ ಹಿಂದೊಂದು ಕೇಳಿ. ಪಂಕ್ ಅಂದರೆ ಬರೀ ಗಲಾಟೆ ಅಂತ ದೂರ ಇಟ್ಟವರಿಗೆ ಇದೇ ಒಳ್ಳೆ ಬಾಗಿಲು.

ಸೋಲ್ (soul), ಅಂದರೆ ಅಮೆರಿಕದ ಕಪ್ಪು ಜನರ ಭಾವತುಂಬಿದ ಹಾಡಿನ ಶೈಲಿಗೆ ಬರುವುದಾದರೆ ರೇ ಚಾರ್ಲ್ಸ್ 1962ರಲ್ಲಿ ಹಾಡಿದ 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ಹಿಡಿಯಿರಿ. ಬರೆದವರು ಕಂಟ್ರಿ ಗಾಯಕ ಡಾನ್ ಗಿಬ್ಸನ್. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಹೇಳುತ್ತಾರೆ ಅಲ್ವಾ? ಇಲ್ಲಿ ಉಲ್ಟಾ. ಕೋರಸ್‌ನವರೆಲ್ಲ ಸೇರಿ ಸಾಲು ಹಾಡುತ್ತಾರೆ, ಅದು ಮುಗಿಯುವ ಹೊತ್ತಿಗೆ ರೇ ಚಾರ್ಲ್ಸ್ ದನಿ ಹಿಂದಿನಿಂದ ನಿಧಾನಕ್ಕೆ ಬರುತ್ತದೆ. ಅದೊಂದು ಜಾಗಕ್ಕೇ ನಾನು ಎಷ್ಟು ಸಲ ಕೇಳಿದ್ದೇನೋ. 'ರೆಸ್ಪೆಕ್ಟ್' ಕೂಡ ಹೀಗೇ ಹುಡುಕಿ. ಬರೆದು ಹಾಡಿದ್ದು ಓಟಿಸ್ ರೆಡಿಂಗ್, 1965. ಅಕ್ಷರ ಅಕ್ಷರ ಬಿಡಿಸಿ ಹೇಳುವ ಭಾಗ ಬಂದಿದ್ದು 1967ರಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಹಾಡಿದಾಗ.

ರಾಗ ಮಾತ್ರ ನೆನಪಿದ್ದರೆ ಗೂಗಲ್ ಆ್ಯಪ್‌ನ ಮೈಕ್ ಒತ್ತಿ ಹತ್ತು ಹದಿನೈದು ಸೆಕೆಂಡ್ ಗುನುಗಿ. ಸಿಕ್ಕಿದ್ದರಲ್ಲಿ 'ರೀಮಾಸ್ಟರ್ಡ್' ಅಂತಿದ್ದರೆ ಹಳೇ ರೆಕಾರ್ಡಿಂಗೇ, ಪರವಾಗಿಲ್ಲ. 'ರೀ-ರೆಕಾರ್ಡೆಡ್' ಅಂದರೆ ಎಷ್ಟೋ ವರ್ಷದ ನಂತರ ಮತ್ತೆ ಹಾಡಿದ್ದು, ಅದು ಬೇಡ. ಊರಿಗೆ ಹೊರಡುವ ಮುಂಚೆ ಶಿವಮೊಗ್ಗದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಆಗುಂಬೆ ಕಡೆ ಮಳೆ ಹಿಡಿದರೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.

ಮನೆಯ ಹಿರಿಯರನ್ನು ಸುಮ್ನೆ "ನಿಮಗ್ಯಾವ ಹಾಡು ಇಷ್ಟ" ಅಂತ ಕೇಳಬೇಡಿ. "ಈ ಕ್ಯಾಸೆಟ್ ಎಲ್ಲಿ ತಗೊಂಡ್ರಿ" ಅಂತ ಕೇಳಿ. ಚಿಕ್ಕಪ್ಪ ಹಾಸ್ಟೆಲ್ ದಿನಗಳಿಂದ ಶುರು ಮಾಡಿ, ಮಾತಿನ ಮಧ್ಯೆ ಡಬ್ಬದಲ್ಲಿ ಇಲ್ಲದ ಇನ್ನೂ ಮೂರು ಹಾಡು ಹೇಳಿದರು. ಕಾರ್ಡಿನ ಹಿಂದೆಯೇ ಬರೆದುಕೊಂಡಿದ್ದೇನೆ.