ಆರು ಮೀಟರ್, ಮೂರು ಮೀಟರ್: ಆರ್ಕಿಟೆಕ್ಟ್ ಕಚೇರಿಯ ಸ್ಟಾಲ್ ಕಟ್ಟಿದ ಬಗೆ

ಮನೆ ಕಟ್ಟುವವರಿಗಾಗಿ ನಡೆಯುವ ಮೇಳದಲ್ಲಿ ಟೈಲ್ಸ್, ನಲ್ಲಿ, ಕಿಟಕಿ ಮಾರುವವರ ಸ್ಟಾಲಿಗೂ ಆರ್ಕಿಟೆಕ್ಟ್ ಕಚೇರಿಯ ಸ್ಟಾಲಿಗೂ ಇರುವ ಮೊದಲ ವ್ಯತ್ಯಾಸ ಕಾನೂನಿನದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ 1989ರಲ್ಲಿ ಬಂದ ವೃತ್ತಿ ನಡತೆಯ ನಿಯಮಗಳ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯ ಜಾಹೀರಾತು ಮಾಡುವಂತಿಲ್ಲ. ಕಿರುಹೊತ್ತಿಗೆಯನ್ನೂ ಹೆಸರು, ಹುದ್ದೆ ಗುರುತಿಸಬಲ್ಲ ಗ್ರಾಹಕರಿಗಷ್ಟೇ ಕೊಡಬಹುದು. ತಾನು ಮಾಡಿದ ಕಟ್ಟಡದ ಮೇಲೆ ಹೆಸರು ಹಾಕಿಕೊಂಡರೂ ಅಕ್ಷರದ ಎತ್ತರ 10 ಸೆಂ.ಮೀ. ಮೀರಬಾರದು. ಕಟ್ಟಡಕ್ಕೆ ಹೇಳಿದ ಆ ಅಳತೆಯನ್ನೇ ನಾವು ಸ್ಟಾಲಿನ ಮೇಲಿನ ಹೆಸರಿಗೂ ಮಿತಿಯಾಗಿ ಇಟ್ಟುಕೊಂಡೆವು. "ಉಚಿತ ಸಲಹೆ", "ಇಂದೇ ಬುಕ್ ಮಾಡಿ" ಎಂಬ ಬರಹಗಳಿಗೆ ಜಾಗವೇ ಇಲ್ಲ. ಕಿರುಹೊತ್ತಿಗೆಯನ್ನು ಮೇಜಿನ ಮೇಲೆ ರಾಶಿ ಹಾಕಲಿಲ್ಲ. ಮಾತನಾಡಿ, ಪುಸ್ತಕದಲ್ಲಿ ಹೆಸರು ಬರೆದುಕೊಂಡ ಮೇಲೆ ಕೈಗೆ ಕೊಟ್ಟೆವು. ಸ್ಟಾಲ್ ಬುಕ್ ಮಾಡುವ ಮೊದಲು ಈ ನಿಯಮಗಳನ್ನು ನೀವೇ ಒಮ್ಮೆ ಪೂರ್ತಿ ಓದಿಕೊಳ್ಳಿ.

ಹೀಗಾಗಿ ಜನರನ್ನು ನಿಲ್ಲಿಸುವ ಕೆಲಸ ಕಟ್ಟಡದಿಂದಲೇ ಆಗಬೇಕು. ಇಪ್ಪತ್ತು ತ್ರೀಡಿ ಚಿತ್ರ ತೂಗುಹಾಕುವ ಬದಲು ಒಂದೇ ಮನೆಯನ್ನು ಅಡ್ಡ ಸೀಳಿ ತೋರಿಸುವ 1:20ರ ಸೆಕ್ಷನ್ ಮಾಡೆಲ್ ಇಟ್ಟೆವು. 12 ಮೀಟರ್ ಅಗಲದ ಮನೆ ಈ ಅಳತೆಯಲ್ಲಿ 600 ಮಿ.ಮೀ. ಆಗುತ್ತದೆ, ಆಳೆತ್ತರದ ಬೊಂಬೆ ಸುಮಾರು 82 ಮಿ.ಮೀ. ಮೆಟ್ಟಿಲ ಕೆಳಗಿನ ಜಾಗ, ಕಿಟಕಿಯ ಸಜ್ಜ, ಚಾವಣಿಯ ನೀರಿನ ಇಳಿಜಾರು ಎಲ್ಲವೂ ಕಾಣುತ್ತವೆ. 1:100ರಲ್ಲಿ ಇದ್ಯಾವುದೂ ಕಾಣದು. ಸೆಕ್ಷನ್ ಮಾಡೆಲನ್ನು ಊಟದ ಮೇಜಿನ ಎತ್ತರಕ್ಕೆ ಇಟ್ಟರೆ ಜನ ನೋಡುವುದು ಅದರ ತಾರಸಿಯನ್ನು ಮಾತ್ರ. ನೆಲಮಹಡಿ 1000 ಮಿ.ಮೀ. ಎತ್ತರದಲ್ಲಿ ಕೂತಾಗ ನಿಂತವರಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಕೋಣೆಗಳ ಒಳಗೆ ನೋಟ ಹೋಗುತ್ತದೆ. ಅಕ್ರಿಲಿಕ್ ಪೆಟ್ಟಿಗೆ ಮುಚ್ಚಲಿಲ್ಲ. ಮೇಲಿನ ದೀಪಗಳೆಲ್ಲ ಅದರಲ್ಲಿ ಪ್ರತಿಫಲಿಸಿ ಒಳಗಿನದು ಮಂಕಾಗುತ್ತದೆ. ಮುರಿಯುವ ವಸ್ತುಗಳಲ್ಲಿ ಮರಗಳೇ ಮೊದಲು, ಆಮೇಲೆ ಮೆಟ್ಟಿಲ ಕಂಬಿ. ಎರಡನ್ನೂ ಹೆಚ್ಚುವರಿಯಾಗಿ ಮಾಡಿ ಡಬ್ಬಿಯಲ್ಲಿ ಒಯ್ಯಿರಿ.

ಜಾಗ 6×3 ಮೀಟರ್, ಮೂಲೆಯದು, ಎರಡು ಬದಿ ತೆರೆದದ್ದು. ಆಯೋಜಕರೇ ನಿಲ್ಲಿಸಿಕೊಡುವ ಅಲ್ಯೂಮಿನಿಯಂ ಚೌಕಟ್ಟಿನ ಶೆಲ್ ಸ್ಕೀಮ್ ಅಗ್ಗ. ಆದರೆ ಮೀಟರಿಗೊಂದು ಕಂಬ ಬರುವುದರಿಂದ ಗೋಡೆಯ ಮೇಲಿನ ದೊಡ್ಡ ನಕ್ಷೆ ತುಂಡಾಗುತ್ತದೆ. ಅದಕ್ಕೇ ಖಾಲಿ ಜಾಗ ತೆಗೆದುಕೊಂಡೆವು. ಖಾಲಿ ಜಾಗಕ್ಕೆ ನಕ್ಷೆಯನ್ನು ಆಯೋಜಕರಿಂದ ಮೊದಲೇ ಮಂಜೂರು ಮಾಡಿಸಬೇಕು. ಗೋಡೆಯ ಎತ್ತರದ ಮಿತಿ, ನೆಲಕ್ಕೆ ಡ್ರಿಲ್ ಹಾಕಬಾರದೆಂಬ ಷರತ್ತು, ಪಕ್ಕದ ಸ್ಟಾಲಿನ ಕಡೆಗೆ ಕಾಣುವ ಗೋಡೆಯ ಬೆನ್ನಿಗೂ ಬಣ್ಣ ಬಳಿಯಬೇಕೆಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ.

6000×3000 ಮಿ.ಮೀ. ಎಂದು ಕೊಟ್ಟರೂ ಕಟ್ಟುವುದು 5950×2950. ಮೇಳ ನಡೆಯುವ ಹಾಲ್‌ನ ನೆಲದ ಗುರುತು ಯಾವಾಗಲೂ ನೇರವಿರುವುದಿಲ್ಲ, ಪಕ್ಕದವರ ಗೋಡೆ ಒಂದೆರಡು ಇಂಚು ಒಳಗೆ ಬಂದೇ ಇರುತ್ತದೆ.

ವೈರ್ ಮರೆಯಾಗಲು ನೆಲ ಎತ್ತರಿಸಲೇಬೇಕು. ರೂಢಿಯ 100 ಮಿ.ಮೀ. ಬಿಟ್ಟು ನಾವು 50ಕ್ಕೆ ಇಳಿಸಿದೆವು: ಒಂದೂವರೆ ಇಂಚಿನ ರೀಪರ್ (ಮರದ ಪಟ್ಟಿ), ಅದರ ಮೇಲೆ 12 ಮಿ.ಮೀ. ಪ್ಲೈ. ಗಾಲಿಕುರ್ಚಿ ಹತ್ತಲು ಬೇಕಾದ 1:12ರ ಇಳಿಜಾರಿಗೆ ಆಗ 600 ಮಿ.ಮೀ. ಸಾಕು. 100ಕ್ಕಾದರೆ 1200 ಬೇಕು, ಇಷ್ಟು ಚಿಕ್ಕ ಸ್ಟಾಲಿನಲ್ಲಿ ಅದು ದೊಡ್ಡ ನಷ್ಟ. ತೆರೆದ ಮೂರು ಮೀಟರಿನ ಬದಿ ಪೂರ್ತಿ ಇಳಿಜಾರು. ಉದ್ದದ ಬದಿಯಲ್ಲಿ ಎಡವದಂತೆ ಅಂಚಿಗೆ ಬಿಳಿ ಪಟ್ಟಿ. ಇಳಿಜಾರೂ ಸೇರಿ 8×4 ಅಡಿಯ 7 ಹಾಳೆ ಸಾಕಾಗುತ್ತವೆ. ರೀಪರುಗಳ ನಡುವೆ 400 ಮಿ.ಮೀ.ಗಿಂತ ಹೆಚ್ಚು ಬಿಡಬೇಡಿ. 600 ಬಿಟ್ಟರೆ ಹೆಜ್ಜೆ ಇಟ್ಟಲ್ಲೆಲ್ಲ ಪ್ಲೈ ಕುಗ್ಗುತ್ತದೆ, ಮಾಡೆಲ್ ಅಲುಗಾಡುತ್ತದೆ.

ಮಾಡೆಲಿನ ಪಕ್ಕದಲ್ಲಿ ಅದೇ ಮನೆಯ ಗೋಡೆಯ ಒಂದು ತುಣುಕನ್ನು ನಿಜ ಅಳತೆಯಲ್ಲಿ ಇಟ್ಟೆವು: 230×190×100 ಮಿ.ಮೀ.ನ ಸ್ಥಿರೀಕೃತ ಮಣ್ಣಿನ ಇಟ್ಟಿಗೆ (ಮಣ್ಣಿಗೆ ಸಿಮೆಂಟಿನಂಥದ್ದು ಬೆರೆಸಿ ಒತ್ತಿದ್ದು), ಸಾಲಿಗೆ 4ರಂತೆ 6 ಸಾಲು. ಬಂದವರು ಮುಟ್ಟುವುದು ಇದನ್ನೇ. ಇಟ್ಟಿಗೆಗೆ ಸುಮಾರು 8 ಕೆ.ಜಿ.ಯಂತೆ 24 ಇಟ್ಟಿಗೆಗೆ 190 ಕೆ.ಜಿ. ದಾಟುತ್ತದೆ. ಇದನ್ನು ಪ್ಲೈ ಮೇಲೆ ಇಡಲೇಬಾರದು. ಅಷ್ಟು ಜಾಗಕ್ಕೆ ಪ್ಲೈ ಕತ್ತರಿಸಿ ತೆಗೆದು, ಹಾಲಿನ ಕಾಂಕ್ರೀಟ್ ನೆಲದಿಂದಲೇ ಜೋಡಿಸಬೇಕು. ಗಾರೆ ಬೇಡ. ಎರಡು ದಿನದಲ್ಲಿ ಅದು ಪೂರ್ತಿ ಗಟ್ಟಿಯಾಗುವುದಿಲ್ಲ, ಬಿಚ್ಚುವಾಗ ಇಟ್ಟಿಗೆಯೂ ಹಾಳು. ಒಣ ಜೋಡಣೆಯಾದ್ದರಿಂದ ಎತ್ತರವನ್ನು 600 ಮಿ.ಮೀ.ಗೆ ನಿಲ್ಲಿಸಿ, ಹಿಂದಿನಿಂದ ಕಬ್ಬಿಣದ ಆ್ಯಂಗಲ್ ಕೊಟ್ಟು ಹಿಡಿಸಿ. ಮಕ್ಕಳು ಏರಲು ನೋಡುತ್ತಾರೆ.

ಹಿಂದಿನ ಗೋಡೆಯಲ್ಲಿ ಹೆಚ್ಚಿನವರು ಸೋಲುವುದು ಪುಟ್ಟಿಯಿಂದ. ಹಲಗೆಗಳ ಸಂದು ಮುಚ್ಚಲು ರಾತ್ರಿ ಪುಟ್ಟಿ ಹಾಕುತ್ತಾರೆ, ಬೆಳಗ್ಗೆ ಬಣ್ಣ ಹೊಡೆಯುತ್ತಾರೆ, ಎರಡನೇ ದಿನ ಸಂದು ಬಿರಿದು ಗೆರೆ ಎದ್ದು ಕಾಣುತ್ತದೆ. ನಾವು ಸಂದನ್ನು ಮುಚ್ಚಲೇ ಇಲ್ಲ. 1185 ಮಿ.ಮೀ. ಅಗಲದ 5 ಹಲಗೆ, ನಡುವೆ 6 ಮಿ.ಮೀ.ನ 4 ಗೆರೆ, ಒಟ್ಟು 5949. ಗೆರೆಯ ಹಿಂದೆ ಕಪ್ಪು ಪಟ್ಟಿ. ಬಣ್ಣವೆಲ್ಲ ಬಡಗಿಯ ಶೆಡ್ಡಿನಲ್ಲೇ ಮುಗಿದಿತ್ತು, ಹಾಲಿನಲ್ಲಿ ಸ್ಕ್ರೂ ಬಿಗಿಯುವ ಕೆಲಸ ಮಾತ್ರ. ಆರ್ಕಿಟೆಕ್ಟ್ ಕಚೇರಿಯ ಸ್ಟಾಲಿನಲ್ಲಿ ಜನ ಮೂಲೆ, ಸಂದು, ಅಂಚುಗಳನ್ನು ನೋಡಿಯೇ ನೋಡುತ್ತಾರೆ. ಅಲ್ಲಿ ತಪ್ಪಿದರೆ ನಮ್ಮ ಮಾಡೆಲನ್ನು ಯಾರೂ ನಂಬುವುದಿಲ್ಲ.

ದೀಪಕ್ಕೆ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕ) 90ರ ಎಲ್‌ಇಡಿ. 3000 ಕೆಲ್ವಿನ್ ಮನೆಗೆ ಚೆಂದ, ಆದರೆ ಹಾಲ್‌ನಲ್ಲಿರುವ ಬಿಳಿ ಬೆಳಕಿನ ನಡುವೆ ಬಿಳಿ ಮಾಡೆಲ್ ಹಳದಿಯಾಗಿ ಕಾಣುತ್ತದೆ. ನಕ್ಷೆಯ ನಡುಮಟ್ಟ 1500 ಮಿ.ಮೀ., ದೀಪ 2440ರಲ್ಲಿ. 30 ಡಿಗ್ರಿ ಓರೆಗೆ ದೀಪ ಗೋಡೆಯಿಂದ ಸುಮಾರು 550 ಮಿ.ಮೀ. ಮುಂದಿರಬೇಕು. ಹತ್ತಿರ ಇಟ್ಟರೆ ಮೇಲ್ಭಾಗ ಸುಟ್ಟಂತೆ ಬೆಳಗುತ್ತದೆ, ದೂರ ಇಟ್ಟರೆ ನೋಡುವವರ ತಲೆಯ ನೆರಳು ನಕ್ಷೆಯ ಮೇಲೆ. 12 ವ್ಯಾಟಿನ 12 ದೀಪ, ಒಂದು ಟಿವಿ, ಲ್ಯಾಪ್‌ಟಾಪ್ ಎಲ್ಲ ಸೇರಿ ಅರ್ಧ ಕಿಲೋವ್ಯಾಟ್ ಮುಟ್ಟುವುದಿಲ್ಲ. 1 ಕಿಲೋವ್ಯಾಟ್ ಕೇಳಿದರೆ ಸಾಕು. ಆದರೆ ಯಾರಾದರೂ 1500 ವ್ಯಾಟಿನ ಕೆಟಲ್ ಹಚ್ಚಿದರೆ ಎಂಸಿಬಿ ಬಿದ್ದು ಸ್ಟಾಲ್ ಕತ್ತಲಾಗುತ್ತದೆ. ಚಹಾ ಫ್ಲಾಸ್ಕಿನಲ್ಲಿ ತನ್ನಿ. ಕಟ್ಟುವ ದಿನಗಳ ಕರೆಂಟನ್ನು ಬೇರೆಯಾಗಿ ಕೇಳಬೇಕಾಗುತ್ತದೆ, ಇದನ್ನು ಮರೆತವರ ಡ್ರಿಲ್ ಮೂಲೆಯಲ್ಲಿ ಬಿದ್ದಿರುತ್ತದೆ.

ಮುದ್ರಣಕ್ಕೆ ಬಟ್ಟೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧವಿದೆ, ಅದಿಲ್ಲದಿದ್ದರೂ ಫ್ಲೆಕ್ಸ್ ದೀಪಕ್ಕೆ ಹೊಳೆದು ಗೆರೆನಕ್ಷೆ ಓದಲಾಗುವುದಿಲ್ಲ. ಬಟ್ಟೆಯ ಮೇಲೆ 0.5 ಮಿ.ಮೀ.ಗಿಂತ ತೆಳ್ಳಗಿನ ಗೆರೆ ನೂಲಿನಲ್ಲಿ ಕಳೆದುಹೋಗುತ್ತದೆ. ಬಟ್ಟೆಯನ್ನು ಮಡಚದೆ ಕೊಳವೆಗೆ ಸುತ್ತಿ ತರಬೇಕು. ಕನ್ನಡ ಬರಹಕ್ಕೆ ಎರಡು ಎಚ್ಚರಿಕೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಇಟ್ಟರೆ ಒತ್ತಕ್ಷರ ಕೆಳಸಾಲಿನ ಗುಡಿಸುಗಳಿಗೆ ತಾಗುತ್ತದೆ, ಅಕ್ಷರದ ಗಾತ್ರದ ಒಂದೂವರೆ ಪಟ್ಟು ಬಿಡಿ. ಕಡತದ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿಯೇ, ಅಂದರೆ ಫಾಂಟ್ ಬೇಡದ ಚಿತ್ರರೇಖೆಯಾಗಿಸಿಯೇ ಪ್ರೆಸ್ಸಿಗೆ ಕಳಿಸಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತುಗಳೆಲ್ಲ ಚದುರಿ ಅಚ್ಚಾಗುತ್ತವೆ.

ಬಿಚ್ಚುವ ಯೋಜನೆಯನ್ನು ಕಟ್ಟುವ ಮೊದಲೇ ಮಾಡಿ. ಹಲಗೆಯ ಬೆನ್ನಿಗೆ ಎಡದಿಂದ 1, 2, 3 ಎಂದು ಬರೆದಿರಬೇಕು, ಸ್ಕ್ರೂಗಳಿಗೆ ಹಲಗೆಯ ಸಂಖ್ಯೆಯದೇ ಚೀಲ. ಕೊನೆಯ ಸಂಜೆ ಸಾಮಾನು ಹೊರಹೋಗಲು ಗೇಟ್ ಪಾಸ್ ಬೇಕು, ಅದನ್ನು ಮಧ್ಯಾಹ್ನವೇ ಬರೆಸಿಡಿ. ಮೇಳ ಮುಗಿದ ಕೂಡಲೇ ಸ್ಟಾಲುಗಳ ಕರೆಂಟ್ ತೆಗೆಯಬಹುದು, ಬ್ಯಾಟರಿ ಡ್ರಿಲ್ಲೂ ತಲೆಗೆ ಕಟ್ಟುವ ದೀಪವೂ ಚಾರ್ಜ್ ಆಗಿರಲಿ. ಮೊದಲು ಮಾಡೆಲ್ ಪೆಟ್ಟಿಗೆಗೆ, ಆಮೇಲೆ ದೀಪ, ಬಟ್ಟೆ, ಗೋಡೆ, ನೆಲ. ಲಾರಿಗೆ ಮಾತ್ರ ಇಟ್ಟಿಗೆ ಮೊದಲು ಹತ್ತಲಿ, ಮಾಡೆಲ್ ಅದರ ಜೊತೆ ಬೇಡ, ಕಾರಿನ ಹಿಂದಿನ ಸೀಟಿನಲ್ಲಿ ಬರಲಿ.