ಅಣು ಸಬ್‌ಮರೀನ್‌ನ ಜಾತಕ ಓದುವುದು ಹೇಗೆ?

ದಾಳಿ ಸಬ್‌ಮರೀನ್ ಒಂದರ ಚರಿತ್ರೆ ಬೇಕಾದರೆ ಸಾಹಸದ ಕಥೆಗಳನ್ನು ಆಮೇಲೆ ಓದಿ, ಮೊದಲು ತಾರೀಖು ಹುಡುಕಿ. ಅಮೆರಿಕದ ಹಡಗಾದರೆ ಅವರ ‘ನೇವಲ್ ವೆಸೆಲ್ ರಿಜಿಸ್ಟರ್’ನಲ್ಲೇ ಸಿಗುತ್ತವೆ. ನಾನು ಒಂದು ಹಡಗಿಗೆ ಒಂದೇ ಹಾಳೆ ಇಡುತ್ತೇನೆ. ಮೇಲೆ ಹೆಸರು, ನಂಬರು, ಕಟ್ಟಿದ ಯಾರ್ಡು. ಕೆಳಗೆ ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟ ದಿನ, ನೀರಿಗಿಳಿಸಿದ ದಿನ, ನೌಕಾಪಡೆಗೆ ಸೇರಿದ ದಿನ.

‘ಸ್ಯಾನ್ ಫ್ರಾನ್ಸಿಸ್ಕೋ’ವನ್ನೇ ತೆಗೆದುಕೊಳ್ಳಿ. ಲಾಸ್ ಏಂಜಲೀಸ್ ವರ್ಗದ್ದು, ನಂಬರು 711. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ 1977ರಲ್ಲಿ ಕೀಲ್ ಇಟ್ಟರು, 1979ರಲ್ಲಿ ನೀರಿಗಿಳಿಸಿದರು. ಅಲ್ಲಿಗೆ ಹಡಗು ರೆಡಿ ಅಂತ ತಿಳಿಯಬೇಡಿ. ಒಳಗಿನ ಕೆಲಸ ಮುಗಿದು, ರಿಯಾಕ್ಟರ್ ಚಾಲೂ ಆಗಿ, ಸಮುದ್ರದಲ್ಲಿ ಪರೀಕ್ಷೆಯೂ ಆಗಬೇಕು. ಇದು ಸೇವೆಗೆ ಸೇರಿದ್ದು 1981ರ ಏಪ್ರಿಲ್‌ನಲ್ಲಿ.

ಆಮೇಲೆ ಹಡಗು ಎಲ್ಲೂ ಹೋಗದ ವರ್ಷಗಳನ್ನು ಗುರುತು ಮಾಡಿ. ಸುಮ್ನೆ ರಿಪೇರಿ ಅಂತ ದಾಟಿಬಿಟ್ಟರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಈ ಹಡಗಿಗೆ 2000ದಿಂದ 2002ರವರೆಗೆ ರಿಯಾಕ್ಟರ್‌ನ ಇಂಧನ ಬದಲಾಯಿಸಿದರು. ಈ ಸಾಲಿಗೆ ನಾನು ಕೆಂಪು ಶಾಯಿ ಹಾಕಿದ್ದೇನೆ. ಯಾಕೆ ಅಂತ ನೋಡಿ.

2005ರ ಜನವರಿ 8. ಪೆಸಿಫಿಕ್ ಸಾಗರದ ಅಮೆರಿಕನ್ ದ್ವೀಪ ಗುವಾಮ್‌ನ ಆಗ್ನೇಯಕ್ಕೆ, ನೀರಿನಡಿ ಸುಮಾರು 160 ಮೀಟರ್ ಆಳದಲ್ಲಿ ಪೂರ್ತಿ ವೇಗದಲ್ಲಿ ಹೋಗುತ್ತಿದ್ದ ಹಡಗು ಕಡಲಡಿಯ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ತೀರಿಕೊಂಡ, ಸುಮಾರು ನೂರು ಜನರಿಗೆ ಗಾಯ. ಅಪಘಾತದ ವರದಿ ಓದುವಾಗ ಏನು ಮುರಿಯಿತು ಅನ್ನುವಷ್ಟೇ ಏನು ಉಳಿಯಿತು ಅನ್ನುವುದನ್ನೂ ನೋಡಬೇಕು. ಮೂತಿಯಲ್ಲಿದ್ದ, ಶಬ್ದದಿಂದ ಸುತ್ತಲಿನದನ್ನು ಪತ್ತೆಹಚ್ಚುವ ಸೋನಾರ್‌ನ ಗುಮ್ಮಟ, ಮುಳುಗಲು, ತೇಲಲು ನೀರು ತುಂಬಿ ಖಾಲಿ ಮಾಡುವ ಮುಂದಿನ ಬ್ಯಾಲಾಸ್ಟ್ ಟ್ಯಾಂಕುಗಳು ಚೂರಾದವು. ನೀರಿನ ಒತ್ತಡ ತಡೆಯುವ ಒಳಕವಚ ಒಡೆಯಲಿಲ್ಲ, ರಿಯಾಕ್ಟರ್‌ಗೂ ಏನೂ ಆಗಲಿಲ್ಲ. ಹಡಗು ತಾನೇ ಗುವಾಮ್‌ಗೆ ವಾಪಸ್ ಬಂತು.

ಇನ್ನು ಎರಡನೇ ಹಾಳೆ ಬೇಕು: ‘ಹೊನೊಲುಲು’, ನಂಬರು 718. ಅದೇ ವರ್ಗ, ಅದೇ ಯಾರ್ಡು, ವಯಸ್ಸಿನಲ್ಲಿ ಚಿಕ್ಕದು. ಆದರೆ ಅದಕ್ಕೆ ಇಂಧನ ಬದಲಾಯಿಸಿರಲಿಲ್ಲ, ನಿವೃತ್ತಿಗೆ ನಿಂತಿತ್ತು. ಹೊಸ ಇಂಧನ ತುಂಬುವ ಖರ್ಚೇ ಜಾಸ್ತಿ ಅಲ್ವಾ? ಅದಕ್ಕೇ ಪ್ಯೂಜೆಟ್ ಸೌಂಡ್ ಯಾರ್ಡಿನಲ್ಲಿ ಹೊನೊಲುಲುವಿನ ಮೂತಿ ಕೊಯ್ದು ಸ್ಯಾನ್ ಫ್ರಾನ್ಸಿಸ್ಕೋಗೆ ಬೆಸೆದರು. ಕೆಂಪು ಶಾಯಿಯ ಆ ಸಾಲು ಇಲ್ಲದಿದ್ದರೆ ಹಳೇ ಹಡಗನ್ನೇ ಯಾಕೆ ಉಳಿಸಿದರು ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಗಸ್ತಿನ ವಿವರಕ್ಕೆ ಜಾಸ್ತಿ ಅಲೆಯಬೇಡಿ, ಬಹುಪಾಲು ಗುಟ್ಟಾಗಿಯೇ ಇರುತ್ತದೆ. ಕೊನೆಯ ಸಾಲಿಗೆ ಮಾತ್ರ ಜಾಗ ಬಿಡಿ. ಸ್ಯಾನ್ ಫ್ರಾನ್ಸಿಸ್ಕೋ ಗುಜರಿಗೆ ಹೋಗಲಿಲ್ಲ. ದಡಕ್ಕೆ ಕಟ್ಟಿದ ತರಬೇತಿ ಹಡಗಾಯಿತು.