ಜಗಳಗಂಟ ಮೀನುಗಳನ್ನು ಒಂದೇ ಟ್ಯಾಂಕಿನಲ್ಲಿ ಸಾಕಿದ ನನ್ನ ಅನುಭವ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರನ್ನು ಕೇಳಿ, ಟ್ರಿಗರ್ ಮೀನು ಒಂದಿದ್ದರೆ ಸಾಕು, ಎರಡನೆಯದರ ಸಹವಾಸ ಬೇಡ ಅಂತಾರೆ. ನನ್ನ ಟ್ಯಾಂಕಿನಲ್ಲಿ ಎರಡಿವೆ: ಒಂದು ನೈಜರ್, ಒಂದು ಪಿಕಾಸೊ. ಜೊತೆಗೆ ಹಾರ್ಲೆಕ್ವಿನ್ ಟಸ್ಕ್, ಸ್ನೋಫ್ಲೇಕ್ ಈಲ್ (ಹಾವಿನಂಥ ಮೀನು), ಫಾಕ್ಸ್‌ಫೇಸ್. ಊಟದ ಹೊತ್ತಿಗೆ ತಳ್ಳಾಟ ಇದ್ದೇ ಇರುತ್ತದೆ, ಅದು ಬಿಡಿ. ರೆಕ್ಕೆ ಹರಿದುಕೊಂಡ ಮೀನು, ಮೂಲೆ ಹಿಡಿದು ಊಟ ಬಿಟ್ಟ ಮೀನು ಮಾತ್ರ ಇಲ್ಲ.

ಇದರಲ್ಲಿ ಅರ್ಧ ಕೆಲಸ ಮೀನು ತರುವ ಮುಂಚೆಯೇ ಮುಗಿದಿತ್ತು. ಯಾರ್ಯಾರು ಇರಬೇಕು, ಯಾರಾದ ಮೇಲೆ ಯಾರು ನೀರಿಗೆ ಇಳಿಯಬೇಕು ಅಂತ ಪಟ್ಟಿ ಮಾಡಿಟ್ಟುಕೊಂಡೆ, ಆಮೇಲೆ ಅಂಗಡಿಯಲ್ಲಿ ಏನೇ ಚಂದ ಕಂಡರೂ ಅದರಿಂದ ಕದಲಲಿಲ್ಲ. ಅಂಡ್ಯುಲೇಟೆಡ್ ಟ್ರಿಗರ್ ಪಟ್ಟಿಗೇ ಬರಲಿಲ್ಲ, ಅದು ಒಂಟಿಯಾಗಿರಲು ಹುಟ್ಟಿದ ಮೀನು. ಕ್ಲೌನ್ ಟ್ರಿಗರ್ ಮರಿಯಾಗಿದ್ದಾಗ ಪಾಪದ ಹಾಗೆ ಇರುತ್ತದೆ, ಬೆಳೆದ ಮೇಲೆ ಟ್ಯಾಂಕನ್ನೇ ಖಾಲಿ ಮಾಡಿಸಬಹುದು. ಲಯನ್‌ಫಿಶ್ ನನಗೆ ತುಂಬಾ ಇಷ್ಟ, ಆದರೂ ಬೇಡ ಅಂದೆ. ಅದರ ಉದ್ದುದ್ದ ರೆಕ್ಕೆಗಳನ್ನು ಟ್ರಿಗರ್‌ಗಳು ಸುಮ್ನೆ ಬಿಡುವುದಿಲ್ಲ, ಮುಳ್ಳಲ್ಲಿ ವಿಷ ಇದ್ದರೂ ಅಷ್ಟೇ.

ಟ್ಯಾಂಕ್ ಆರು ಅಡಿ ಉದ್ದ, ಸುಮಾರು 800 ಲೀಟರ್. ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಓಡುವ ಮೀನಿಗೆ ಅಟ್ಟುವ ಮೀನಿನ ಕಣ್ಣು ತಪ್ಪಿಸಲು ಜಾಗ ಬೇಕಲ್ವಾ? ಕಲ್ಲುಗಳನ್ನು ಒಂದೇ ಗೋಡೆಯ ಹಾಗೆ ಕಟ್ಟಲಿಲ್ಲ, ಎರಡು ದಿಬ್ಬ ಮಾಡಿ ನಡುವೆ ಖಾಲಿ ಬಿಟ್ಟೆ. ಪ್ರತಿ ಗೂಡಿಗೂ ಎರಡು ಬಾಯಿ, ಇಲ್ಲದಿದ್ದರೆ ಒಳಗೆ ಹೊಕ್ಕ ಮೀನು ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲು ತಳದ ಗಾಜಿನ ಮೇಲೆ ಕಲ್ಲು ಕೂರಿಸಿ, ಆಮೇಲೆ ಮರಳು ಸುರಿದೆ, ಯಾಕೆಂದರೆ ಪಿಕಾಸೊ ಮರಳು ತೋಡುತ್ತದೆ, ಸಣ್ಣ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಬೇಕಾದ ಕಡೆ ಎಸೆಯುತ್ತದೆ.

ಸಾಧು ಮೀನು ಮೊದಲು, ಪುಂಡ ಮೀನು ಕೊನೆಗೆ. ಫಾಕ್ಸ್‌ಫೇಸ್ ಮೊದಲು ಹೋಯಿತು, ಪಾಚಿ ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ, ಬೆನ್ನಿನ ಮುಳ್ಳಲ್ಲಿ ವಿಷ ಇರುವುದರಿಂದ ಅದರ ತಂಟೆಗೆ ಹೋಗುವವರೂ ಕಡಿಮೆ. ಆಮೇಲೆ ಈಲ್. ಆಮೇಲೆ ಟಸ್ಕ್. ಅದರ ನೀಲಿ ಹಲ್ಲು ನೋಡಿ ಹೆದರಬೇಡಿ, ಹೊಸ ಜಾಗದಲ್ಲಿ ತುಂಬಾ ನಾಚಿಕೆಯ ಮೀನು ಅದು, ನೆಲೆ ಕಂಡುಕೊಳ್ಳಲು ಸಮಯ ಬೇಕು. ನಂತರ ನೈಜರ್. ಪಿಕಾಸೊ ಕಟ್ಟಕಡೆಗೆ, ಅದೂ ನೈಜರ್‌ಗಿಂತ ಚಿಕ್ಕದನ್ನೇ ಹುಡುಕಿ ತಂದೆ.

ಪಿಕಾಸೊವನ್ನು ನೇರವಾಗಿ ನೀರಿಗೆ ಬಿಡಲಿಲ್ಲ. ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಟ್ಯಾಂಕಿನ ಒಳಗೇ ತೂಗುಹಾಕಿದೆ. ನೈಜರ್ ಬಂದು ಬೆನ್ನಿನ ಮುಳ್ಳು ನೆಟ್ಟಗೆ ಮಾಡಿಕೊಂಡು ಡಬ್ಬಿಗೆ ಗುದ್ದಿತು, ಬಾಲ ಬಡಿಯಿತು, ಹೋಯಿತು, ಮತ್ತೆ ಬಂತು. ಒಳಗಿನದು ಮೂಲೆಗೆ ಒರಗಿ ಗೊರ್ ಗೊರ್ ಅಂತು. ಆ ಸದ್ದು ಗಾಜಿನ ಆಚೆಗೂ ಕೇಳಿಸುತ್ತದೆ. ಇಬ್ಬರಿಗೂ ಒಂದೇ ಹೊತ್ತಿಗೆ ಊಟ ಹಾಕುತ್ತಾ ಬಂದೆ. ನಾನು ಕಾದದ್ದು ಎರಡು ಗುರುತಿಗೆ: ನೈಜರ್ ಡಬ್ಬಿಯ ಪಕ್ಕದಲ್ಲೇ ಹಾದು ಹೋದರೂ ತಿರುಗಿ ನೋಡಬಾರದು, ಪಿಕಾಸೊ ನನ್ನ ಕೈ ಕಂಡರೆ ಊಟಕ್ಕೆ ಮುಂದೆ ಬರಬೇಕು. ಎರಡೂ ಆದ ಮೇಲೆ ಎಲ್ಲರಿಗೂ ಹೊಟ್ಟೆ ತುಂಬಾ ಹಾಕಿ, ಕಲ್ಲಿನ ಒಂದು ದಿಬ್ಬದ ಆಕಾರವನ್ನೇ ಬದಲಿಸಿ, ಲೈಟ್ ಆರಿಸಿ ಬಿಟ್ಟೆ. ಬೆಳಿಗ್ಗೆ ಹೊತ್ತಿಗೆ ಹಳಬರಿಗೂ ಗೂಡು ಹೊಸದು. ಟ್ಯಾಂಕಿನ ಒಂದು ತುದಿಗೆ ಹೊರಗಡೆಯಿಂದ ಕನ್ನಡಿ ಕೂಡ ಒರಗಿಸಿಟ್ಟಿದ್ದೆ, ನೈಜರ್ ತನ್ನ ಪ್ರತಿಬಿಂಬದ ಜೊತೆ ಜಗಳಕ್ಕೆ ನಿಂತು ಹೊಸಬನನ್ನು ಮರೆತೇಬಿಟ್ಟಿತ್ತು.

ಊಟ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಎರಡು ಸಲ, ಟ್ಯಾಂಕಿನ ಎರಡೂ ತುದಿಯಲ್ಲಿ ಒಟ್ಟಿಗೆ. ಹಸಿದ ಟ್ರಿಗರ್‌ಗೆ ಜಗಳ ಜಾಸ್ತಿ. ಸೀಗಡಿ, ಸ್ಕ್ವಿಡ್, ಆಗಾಗ ಚಿಪ್ಪಿನ ಸಮೇತ ಮರುವಾಯಿ, ಯಾಕೆಂದರೆ ಟ್ರಿಗರ್‌ಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯಲು ಗಟ್ಟಿ ಏನಾದರೂ ಬೇಕು. ಫಾಕ್ಸ್‌ಫೇಸ್‌ಗೆ ಒಣಗಿದ ಕಡಲಪಾಚಿ. ಈಲ್‌ಗೆ ಕಣ್ಣು ಮಂದ, ವಾಸನೆಯ ಮೇಲೆ ಬರುತ್ತದೆ. ಹಾಗಾಗಿ ಉದ್ದನೆಯ ಇಕ್ಕಳದಲ್ಲಿ ಅದರ ಮೂತಿಯ ಹತ್ತಿರವೇ ಹಿಡಿಯಬೇಕು, ತಡವಾದರೆ ಟ್ರಿಗರ್ ಕಿತ್ತುಕೊಂಡು ಹೋಗಿರುತ್ತದೆ. ಜೀವಂತ ಗೋಲ್ಡ್‌ಫಿಶ್ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದರಲ್ಲಿರುವ ಥಯಾಮಿನೇಸ್ ಅನ್ನುವ ಕಿಣ್ವ ಅದನ್ನು ತಿಂದ ಮೀನಿನ ಮೈಯ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ.

ಇಷ್ಟು ತಿನ್ನುವವರು ಗಲೀಜೂ ಅಷ್ಟೇ ಮಾಡುತ್ತಾರೆ. ಟ್ಯಾಂಕಿನ ಅಳತೆಗೆ ಬೇಕಾದ್ದಕ್ಕಿಂತ ದೊಡ್ಡ ಸ್ಕಿಮ್ಮರ್ (ಗಲೀಜನ್ನು ನೊರೆಯಾಗಿಸಿ ನೀರಿಂದ ತೆಗೆಯುವ ಯಂತ್ರ), ವಾರಕ್ಕೊಮ್ಮೆ 20% ನೀರು ಬದಲಾವಣೆ. ಹೀಟರ್ ಸಂಪ್‌ನಲ್ಲಿದೆ (ಟ್ಯಾಂಕಿನ ಕೆಳಗಿಟ್ಟ ಇನ್ನೊಂದು ನೀರಿನ ತೊಟ್ಟಿ), ಯಾಕೆಂದರೆ ಮೇಲಿದ್ದರೆ ಟ್ರಿಗರ್ ವೈರ್ ಕಚ್ಚುತ್ತದೆ. ಮುಚ್ಚಳದಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಈಲ್ ನೆಲದ ಮೇಲಿರುತ್ತದೆ. ಶಂಖದ ಹುಳು, ಏಡಿ, ಕ್ಲೀನರ್ ಸೀಗಡಿಯ ಆಸೆ ಬಿಡಿ, ಅವೆಲ್ಲ ಇಲ್ಲಿ ಊಟದ ಲೆಕ್ಕ.

ಕ್ವಾರಂಟೈನ್ ಟ್ಯಾಂಕ್ ಮಾತ್ರ ಯಾವಾಗಲೂ ಓಡುತ್ತಿರಲಿ. ಜಗಳ ಕೈಮೀರಿದರೆ ಏಟು ತಿಂದದ್ದನ್ನು ತೆಗೆಯುವ ಬದಲು ಏಟು ಕೊಟ್ಟದ್ದನ್ನೇ ಅಲ್ಲಿಗೆ ಹಾಕಿ, ಕೆಲವು ವಾರ ಬಿಟ್ಟು ವಾಪಸ್ ತನ್ನಿ, ಆಗ ಅದೇ ಹೊಸಬ. ಟ್ರಿಗರ್ ಹಿಡಿಯಲು ಹಗಲಲ್ಲಿ ಬಲೆ ಹಿಡಿದು ಓಡಾಡಿ ಪ್ರಯೋಜನವಿಲ್ಲ. ರಾತ್ರಿ ಅದು ಗೂಡಿನೊಳಗೆ ಮುಳ್ಳು ಸೆಟೆಸಿ ಗಟ್ಟಿಯಾಗಿ ಸಿಕ್ಕಿಸಿಕೊಂಡು ಮಲಗಿರುತ್ತದೆ, ಆ ಕಲ್ಲನ್ನೇ ಮೀನಿನ ಸಮೇತ ಎತ್ತಿ ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ಗೆ ಇಡಿ. ತಾನಾಗಿ ಹೊರಗೆ ಬರುವವರೆಗೆ ಬೆರಳು ಹಾಕಬೇಡಿ, ಕಚ್ಚಿದರೆ ರಕ್ತ ಬರುತ್ತದೆ.